ಇಂಡೆಂಟ್ ಹಾಕುವವರು ಯಾರು? ಸರ್ಕಾರಿ ಹಣದಲ್ಲಿ ಪ್ರೊಟೊಟೈಪ್ ಮಾಡಿ, ಸರ್ಕಾರಕ್ಕೇ ಮಾರಿದ ನನ್ನ ಅನುಭವ

ಬಳ್ಳಾರಿಯ ಮುಂಡರಗಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಕನ್ವೇಯರ್ ಬೆಲ್ಟಿನ ರೋಲರ್ ರಿಪೇರಿ, ಬೇರಿಂಗ್ ಬದಲಿಸುವುದು, ಶಾಫ್ಟ್ ಲೇತ್‌ಗೆ ಹಾಕುವುದು, ಇದೇ ನಮ್ಮ ಹೊಟ್ಟೆಪಾಡು. ಅದಿರಿನ ಊರಲ್ಲಿ ಈ ಕೆಲಸಕ್ಕೆ ಬರವಿಲ್ಲ. ತೋರಣಗಲ್ಲು, ಸಂಡೂರು, ಕುಡತಿನಿ, ಯಾವ ಕಡೆ ಹೋದರೂ ಬೆಲ್ಟ್ ಓಡುತ್ತಲೇ ಇರುತ್ತದೆ.

ಬೆಲ್ಟನ್ನು ಹೊತ್ತು ತಿರುಗುವ ಈ ರೋಲರ್ ಕೆಡುವುದಕ್ಕೆ ಒಂದು ಕ್ರಮ ಇದೆ. ಮೊದಲು ಬೇರಿಂಗ್ ಬಿಸಿಯಾಗುತ್ತದೆ. ಆಮೇಲೆ ಜಾಮ್ ಆಗುತ್ತದೆ. ತಿರುಗದ ರೋಲರ್ ಮೇಲೆ ಬೆಲ್ಟ್ ಉಜ್ಜಿ ಉಜ್ಜಿ ಕಬ್ಬಿಣದ ಕವಚ ಸವೆದು ತೂತಾಗುತ್ತದೆ, ಅದರ ಅಂಚು ಹರಿತವಾಗುತ್ತದೆ. ಆ ಅಂಚೇ ಬೆಲ್ಟನ್ನು ಉದ್ದಕ್ಕೆ ಸೀಳುತ್ತದೆ. ಕಲ್ಲಿದ್ದಲಿನ ಬೆಲ್ಟ್ ಆದರೆ ಬೆಂಕಿ ಹತ್ತುವ ಭಯ ಬೇರೆ. ಬಿಸಿಯಾಗುವ ಹಂತದಲ್ಲೇ ಹಿಡಿದು ಕಂಟ್ರೋಲ್ ರೂಮಿಗೆ ಹೇಳುವ ಒಂದು ಪೆಟ್ಟಿಗೆ ಮಾಡಬೇಕು ಅನ್ನುವುದು ನಮ್ಮ ಯೋಚನೆ. ಕೈಯಲ್ಲಿ ದುಡ್ಡು ಇರಲಿಲ್ಲ. ಸರ್ಕಾರದ ಹಣ ಹೇಗೆ ಸಿಕ್ಕಿತು, ಮಾಡಿದ ವಸ್ತು ಸರ್ಕಾರಿ ಸಂಸ್ಥೆಗೆ ಹೇಗೆ ಹೋಯಿತು ಅನ್ನುವುದನ್ನು ಬರೆಯುತ್ತಿದ್ದೇನೆ.

ಹುಡುಗರು ಬಂದು ಕೇಳುವುದು ಒಂದೇ: "ಯಾವ ಸ್ಕೀಮ್ ಅಣ್ಣಾ?" ನಾನು ತಿರುಗಿ ಕೇಳುತ್ತೇನೆ: ನಿನ್ನ ವಸ್ತುವಿಗೆ ಇಂಡೆಂಟ್ ಹಾಕುವವರು ಯಾರು? ಸರ್ಕಾರಿ ಸಂಸ್ಥೆಯಲ್ಲಿ ಜನರಲ್ ಮ್ಯಾನೇಜರ್ ಮೆಚ್ಚಿದರೂ ಸ್ಟೋರ್ಸ್‌ನವರು ಸುಮ್ನೆ ಏನನ್ನೂ ಕೊಳ್ಳುವುದಿಲ್ಲ. ಬಳಸುವ ವಿಭಾಗದವರು "ನಮಗೆ ಇದು ಬೇಕು, ಇಷ್ಟು ಬೇಕು, ಇಂಥ ಕಾರಣಕ್ಕೆ ಬೇಕು" ಅಂತ ಬರೆದು ಸಹಿ ಹಾಕಬೇಕು. ಅದೇ ಇಂಡೆಂಟ್. ಆ ಕಾಗದ ಹುಟ್ಟದಿದ್ದರೆ ಟೆಂಡರೂ ಇಲ್ಲ, ಆರ್ಡರೂ ಇಲ್ಲ. ನಮ್ಮ ವಿಷಯದಲ್ಲಿ ಆ ವ್ಯಕ್ತಿ ಬೆಲ್ಟ್ ಮೇಂಟೆನೆನ್ಸ್ ನೋಡುವ ಇಂಜಿನಿಯರ್. ರಾತ್ರಿ ಪಾಳಿಯಲ್ಲಿ ಬೆಲ್ಟ್ ನಿಂತರೆ ಫೋನ್ ಬರುವುದು ಅವರಿಗೇ. ಅರ್ಜಿ ಬರೆಯುವ ಮೊದಲೇ ಅಂಥ ಕೆಲವರ ಹತ್ತಿರ ಕೂತು ಮಾತಾಡಿದ್ದೆ. ರಿಪೇರಿ ಕೆಲಸದಿಂದ ಪರಿಚಯ ಇತ್ತು, ಅದು ನಮ್ಮ ಪುಣ್ಯ.

ಇನ್ನು ಸ್ಕೀಮ್‌ಗಳ ಮಾತು. ಅಮೆರಿಕದಲ್ಲಿ ಎಸ್‌ಬಿಐಆರ್ ಅಂತ ಒಂದು ವ್ಯವಸ್ಥೆ 1982ರಲ್ಲಿ ಕಾನೂನಾಗಿ ಬಂತು. ದೊಡ್ಡ ಸಂಶೋಧನಾ ಬಜೆಟ್ ಇರುವ ಸರ್ಕಾರಿ ಇಲಾಖೆಗಳು ಹೊರಗಿನ ಸಂಶೋಧನೆಗೆ ಇಟ್ಟ ಹಣದಲ್ಲಿ ಒಂದು ಪಾಲನ್ನು ಸಣ್ಣ ಕಂಪನಿಗಳಿಗೇ ಮೀಸಲಿಡಬೇಕು. ಆ ಪಾಲು ಬೆಳೆಯುತ್ತಾ ಶೇ. 3.2ಕ್ಕೆ ಬಂತು. ಮೊದಲ ಹಂತದಲ್ಲಿ ಐಡಿಯಾ ಪರೀಕ್ಷೆಗೆ ಸ್ವಲ್ಪ ಹಣ, ಎರಡನೇ ಹಂತದಲ್ಲಿ ಪ್ರೊಟೊಟೈಪ್‌ಗೆ, ಅಂದರೆ ಓಡುವ ಮೊದಲ ಮಾದರಿಗೆ, ಜಾಸ್ತಿ ಹಣ. ಮೂರನೇ ಹಂತದಲ್ಲಿ ಆ ನಿಧಿಯಿಂದ ಹಣ ಇಲ್ಲ, ಆದರೆ ಇಲಾಖೆ ಮತ್ತೆ ಸ್ಪರ್ಧೆ ಕರೆಯದೆ ಅದೇ ಕಂಪನಿಯಿಂದ ನೇರವಾಗಿ ಕೊಳ್ಳಬಹುದು. ನನ್ನ ಕಣ್ಣಿಗೆ ಅಲ್ಲಿನ ಜಾಣತನ ಇರುವುದು ಈ ಮೂರನೇ ಹಂತದಲ್ಲೇ.

ನಮ್ಮಲ್ಲಿ ಇದೆಲ್ಲ ಒಂದೇ ಕಡೆ ಸಿಗುವುದಿಲ್ಲ, ಚೂರುಚೂರಾಗಿ ಇದೆ. ಬಯೋಟೆಕ್ನಾಲಜಿಗೆ 2005ರಿಂದ ಎಸ್‌ಬಿಐಆರ್‌ಐ ಅಂತ ಇತ್ತು, ನಮಗೆ ಸಂಬಂಧವಿಲ್ಲ. ರಕ್ಷಣಾ ಇಲಾಖೆಯ ಐಡೆಕ್ಸ್ 2018ರಲ್ಲಿ ಶುರುವಾಯಿತು. ಅದರಲ್ಲಿ ಒಂದೂವರೆ ಕೋಟಿವರೆಗೆ ಅನುದಾನ, ಐಡೆಕ್ಸ್ ಪ್ರೈಮ್‌ನಲ್ಲಿ 10 ಕೋಟಿವರೆಗೆ, 2024ರಲ್ಲಿ ಬಂದ ಅದಿತಿ ಯೋಜನೆಯಲ್ಲಿ 25 ಕೋಟಿವರೆಗೆ. ಅಲ್ಲಿ ಸೇನೆ ತನ್ನ ಸಮಸ್ಯೆಗಳನ್ನು ಪ್ರಕಟಿಸುತ್ತದೆ, ನೀವು ಉತ್ತರ ಕೊಡಬೇಕು. ರೋಲರ್ ಬಿಸಿಯಾಗುವುದು ಸೇನೆಯ ಸಮಸ್ಯೆ ಅಲ್ವಲ್ಲ.

ರೈಲ್ವೆಯದು ನನಗೆ ತುಂಬ ಹಿಡಿಸಿತು. 2022ರ ಜೂನ್‌ನಲ್ಲಿ ಸ್ಟಾರ್ಟಪ್‌ಗಳಿಗಾಗಿ ಅವರು ತಂದ ನೀತಿ ಓದಲೇಬೇಕಾದ್ದು. ಆಗ ವಿಭಾಗಗಳಿಂದ ಸುಮಾರು 160 ಸಮಸ್ಯೆಗಳು ಬಂದಿದ್ದವು, ಮೊದಲಿಗೆ 11 ಆರಿಸಿಕೊಂಡರು. ಒಡೆದ ಹಳಿ ಪತ್ತೆ ಮಾಡುವುದು, ಹಳಿ ಸ್ವಚ್ಛ ಮಾಡುವ ಯಂತ್ರ, ಉಪ್ಪು ಸಾಗಿಸಲು ಹಗುರ ವ್ಯಾಗನ್, ಹೀಗೆ. ಆ ನೀತಿಯಲ್ಲಿ ಒಂದೂವರೆ ಕೋಟಿವರೆಗೆ ಹಣ, ಪೇಟೆಂಟ್ ಹಕ್ಕು ಮಾಡಿದವರದ್ದೇ, ಟ್ರಯಲ್ ರೈಲ್ವೆಯಲ್ಲೇ, ಗೆದ್ದರೆ ಡೆವಲಪ್‌ಮೆಂಟ್ ಆರ್ಡರ್ ಖಾತ್ರಿ. ಆದರೆ ಖರ್ಚು ಸಮಪಾಲು. ಅವರು ಹಾಕಿದಷ್ಟೇ ನಾವೂ ಹಾಕಬೇಕಿತ್ತು. ಲೇತ್ ಸಾಲ ಇನ್ನೂ ತೀರದವನಿಗೆ ಅದು ಆಗುವ ಮಾತಲ್ಲ. ದೊಡ್ಡ ಮೊತ್ತ ನೋಡಿ ಖುಷಿಪಡುವ ಮೊದಲು "ನಿಮ್ಮ ಪಾಲು ಎಷ್ಟು" ಅನ್ನುವ ಸಾಲು ಹುಡುಕಿ ಓದಿ.

ಕೊನೆಗೆ ನಮಗೆ ಒಗ್ಗಿದ್ದು ರಾಜ್ಯ ಸರ್ಕಾರದ ಸ್ಟಾರ್ಟಪ್ ಅನುದಾನ ಯೋಜನೆ ಎಲಿವೇಟ್. 50 ಲಕ್ಷದವರೆಗೆ ಅನುದಾನ, ಸರ್ಕಾರ ಷೇರು ಕೇಳುವುದಿಲ್ಲ. ಕಲ್ಯಾಣ ಕರ್ನಾಟಕದವರಿಗೆ ಅಂತಲೇ ಪ್ರತ್ಯೇಕ ಎಲಿವೇಟ್ ಕರೆದದ್ದು ನಮಗೆ ಅನುಕೂಲವಾಯಿತು. ಬಳ್ಳಾರಿ, ರಾಯಚೂರು, ಕೊಪ್ಪಳದ ಹುಡುಗರು ಬೆಂಗಳೂರಿನ ಕಂಪನಿಗಳ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕಿಲ್ಲ. ನಮಗೆ ಮಂಜೂರಾದದ್ದು ಆ ಮಿತಿಯ ಅರ್ಧಕ್ಕಿಂತ ಕಡಿಮೆ. ನಾವು ಕೇಳಿದ್ದೂ ಅಷ್ಟೇ. ಹೆಚ್ಚು ಕೇಳಿದರೆ ಹೆಚ್ಚು ಲೆಕ್ಕ ಒಪ್ಪಿಸಬೇಕು.

ಇಲ್ಲಿ ನಮ್ಮಂಥ ವರ್ಕ್‌ಶಾಪ್‌ನವರು ಗಮನಿಸಬೇಕಾದ್ದು ಒಂದಿದೆ. ನಮ್ಮ ಶೆಡ್ ಪ್ರೊಪ್ರೈಟರಿ. ಕೇಂದ್ರದ ಸ್ಟಾರ್ಟಪ್ ಮಾನ್ಯತೆ ಅಂಥ ಒಬ್ಬರ ಮಾಲೀಕತ್ವಕ್ಕೆ ಸಿಗುವುದಿಲ್ಲ. ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ), ನೋಂದಾಯಿತ ಪಾಲುದಾರಿಕೆಯಂಥ ರೂಪ ಬೇಕು. ಹಾಗಂತ ಹಳೇ ವ್ಯಾಪಾರವನ್ನು ಒಡೆದು ಹೊಸ ಕಂಪನಿ ಅಂತ ತೋರಿಸುವಂತೆಯೂ ಇಲ್ಲ, ನಿಯಮ ಅದನ್ನು ಬೇಡ ಅನ್ನುತ್ತದೆ. ಹಾಗಾಗಿ ರಿಪೇರಿ ಕೆಲಸ ಹಳೇ ಶೆಡ್‌ನಲ್ಲೇ ಉಳಿಯಿತು. ಸೆನ್ಸರ್ ಕೆಲಸಕ್ಕೆ ಎಲೆಕ್ಟ್ರಾನಿಕ್ಸ್ ಓದಿದ ಇಬ್ಬರು ಹುಡುಗರ ಜೊತೆ ಹೊಸ ಕಂಪನಿ ಮಾಡಿದೆವು. ಬೇರೆ ಬ್ಯಾಂಕ್ ಖಾತೆ, ಬೇರೆ ಪುಸ್ತಕ, ಸಣ್ಣ ಉದ್ಯಮಗಳಿಗೆ ಕೊಡುವ ಉದ್ಯಮ್ ನೋಂದಣಿಯೂ ಬೇರೆ. ನಮ್ಮ ಚಾರ್ಟರ್ಡ್ ಅಕೌಂಟೆಂಟ್ ಗೊಣಗಿದರು, ಆದರೆ ಅವರೇ ಎಲ್ಲ ಸರಿಮಾಡಿ ಕೊಟ್ಟರು.

ಅರ್ಜಿಯಲ್ಲಿ "ತಂತ್ರಜ್ಞಾನ ಯಾವ ಮಟ್ಟದಲ್ಲಿದೆ" ಅಂತ ಕೇಳುತ್ತಾರೆ. ಟಿಆರ್‌ಎಲ್ ಅಂತ 1ರಿಂದ 9ರವರೆಗೆ ಅಂಕಿ, ನಾಸಾದಿಂದ ಬಂದ ಲೆಕ್ಕ. ಎಲ್ಲರೂ ದೊಡ್ಡ ಅಂಕಿ ಬರೆಯಲು ಹೋಗುತ್ತಾರೆ. ನಾವು ಟೇಬಲ್ ಮೇಲೆ ಓಡುವ ಮಾದರಿ ಮಾತ್ರ ಇದೆ ಅಂತ 4 ಬರೆದೆವು. ಗಣಿಯಲ್ಲಿ ಆಗಲೇ ಓಡುತ್ತಿದೆ ಅಂದರೆ ಪ್ರೊಟೊಟೈಪ್‌ಗೆ ಹಣ ಯಾಕೆ ಕೊಡಬೇಕು, ಅಲ್ವಾ? ತೀರ್ಪುಗಾರರ ಮುಂದೆ ಸ್ಲೈಡ್‌ಗಳಿಗಿಂತ ಕೆಲಸ ಮಾಡಿದ್ದು ಎರಡು ವಸ್ತು. ಒಂದು, ಸವೆದು ತೂತಾದ ಹಳೇ ರೋಲರ್, ಚೀಲದಲ್ಲಿ ಹೊತ್ತುಕೊಂಡು ಹೋಗಿ ಮೇಜಿನ ಮೇಲೆ ಇಟ್ಟೆ. ಇನ್ನೊಂದು, ಟ್ರಯಲ್‌ಗೆ ಜಾಗ ಕೊಡುತ್ತೇವೆ ಅಂತ ಖಾಸಗಿ ಕ್ರಷಿಂಗ್ ಘಟಕವೊಂದು ಕೊಟ್ಟ ಅರ್ಧ ಪುಟದ ಪತ್ರ. ಆ ಪತ್ರದಲ್ಲಿ ಕೊಳ್ಳುತ್ತೇವೆ ಅಂತ ಎಲ್ಲೂ ಇರಲಿಲ್ಲ. ಆದರೂ ಸಾಕಾಯಿತು.

ಹಣ ಒಂದೇ ಸಲ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಒಂದು ಮೈಲ್‌ಸ್ಟೋನ್, ಅಂದರೆ ಮೊದಲೇ ಬರೆದುಕೊಟ್ಟ ಕೆಲಸದ ಹಂತ, ಮುಗಿಸಿ, ಖರ್ಚಿನ ಲೆಕ್ಕ ಕೊಟ್ಟು, ಅಕೌಂಟೆಂಟ್ ಸಹಿ ಮಾಡಿದ ಬಳಕೆ ಪ್ರಮಾಣಪತ್ರ ಸಲ್ಲಿಸಿದ ಮೇಲೆ ಮುಂದಿನದು. ಹಾಗಾಗಿ ಮೈಲ್‌ಸ್ಟೋನ್ ಬರೆಯುವಾಗ ನಿಮ್ಮ ಕೈಯಲ್ಲಿ ಇರುವುದನ್ನು ಮಾತ್ರ ಬರೆಯಿರಿ. "10 ಪೆಟ್ಟಿಗೆ ತಯಾರಿಸಿ, ಧೂಳು ನೀರಿನ ಪರೀಕ್ಷೆ ಪಾಸು ಮಾಡಿಸುತ್ತೇವೆ" ಅನ್ನಬಹುದು. "ಇಂಥ ಸಂಸ್ಥೆಯಿಂದ ಆರ್ಡರ್ ತರುತ್ತೇವೆ" ಅಂತ ಬರೆದರೆ ನಿಮ್ಮ ಕಂತು ಬೇರೆ ಯಾರದೋ ಫೈಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡು ಕಂತುಗಳ ನಡುವಿನ ತಿಂಗಳುಗಳಲ್ಲಿ ಹುಡುಗರ ಸಂಬಳಕ್ಕೆ ರಿಪೇರಿ ಶೆಡ್‌ನಿಂದಲೇ ಹಣ ತೆಗೆದು, ಹೊಸ ಕಂಪನಿಗೆ ಸಾಲ ಅಂತ ಪುಸ್ತಕದಲ್ಲಿ ತೋರಿಸಿದೆವು. ಇದಕ್ಕೆ ತಯಾರಿ ಇಲ್ಲದವರು ಅನುದಾನ ಸಿಕ್ಕೂ ಮುಳುಗುತ್ತಾರೆ.

ಈಗ ಪೆಟ್ಟಿಗೆಯ ಕಥೆ. ಟೇಬಲ್ ಮೇಲೆ ಸುಲಭ: ಬೇರಿಂಗ್ ಹತ್ತಿರ ಉಷ್ಣತೆ ಅಳೆ, ಇಷ್ಟು ಡಿಗ್ರಿ ದಾಟಿದರೆ ಅಲಾರಂ. ಬಳ್ಳಾರಿಯ ಬಿಸಿಲಿಗೆ ಇಳಿದರೆ ಗೊತ್ತಾಗುತ್ತದೆ. ನಮ್ಮೂರಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ತಮಾಷೆ ಮಾಡುತ್ತಾರಲ್ಲ, ಏಪ್ರಿಲ್ ಮಧ್ಯಾಹ್ನ ಬೆಲ್ಟ್ ಪಕ್ಕದ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತದೆ. ಒಳ್ಳೆ ರೋಲರ್ ಕೂಡ ಬಿಸಿಲಿಗೆ ಕಾದು ಅಲಾರಂ ಹೊಡೆಯಿತು. ಅಲಾರಂ ಮಟ್ಟ ಏರಿಸಿದರೆ ರಾತ್ರಿ ನಿಜವಾಗಿ ಕೆಟ್ಟ ರೋಲರ್ ತಪ್ಪಿಸಿಕೊಳ್ಳುತ್ತದೆ. ಉಪಾಯ ಬಂದದ್ದು ಪ್ಲಾಂಟಿನ ಫಿಟ್ಟರ್ ಒಬ್ಬರಿಂದ. ಅವರು ಕೈ ಬೆನ್ನಿನಿಂದ ಸಾಲಾಗಿ ರೋಲರ್‌ಗಳ ಬಿಸಿ ನೋಡುತ್ತಾ ಹೋಗುತ್ತಿದ್ದರು. ಪಕ್ಕದ್ದಕ್ಕಿಂತ ಯಾವುದು ಬಿಸಿಯೋ ಅದು ಕೆಟ್ಟದ್ದು. ನಮ್ಮ ಪೆಟ್ಟಿಗೆಯೂ ಈಗ ಅದನ್ನೇ ಮಾಡುತ್ತದೆ. ಬಿಸಿಲು ಎಲ್ಲ ರೋಲರ್‌ಗೂ ಒಂದೇ, ಪಕ್ಕದ ರೋಲರ್‌ಗಳಿಗೆ ಹೋಲಿಸಿ ಬೇರೆಯಾದದ್ದನ್ನು ಮಾತ್ರ ಹೇಳುತ್ತದೆ. ಈ ಒಂದು ಬದಲಾವಣೆಯಿಂದ ಸುಳ್ಳು ಅಲಾರಂ ಬಹುಪಾಲು ನಿಂತಿತು. ಮೇಂಟೆನೆನ್ಸ್‌ನವರು ನಮ್ಮನ್ನು ನಂಬಿದ್ದೂ ಆವಾಗಲೇ.

ಕೆಂಪು ಧೂಳು ಇನ್ನೊಂದು ತಲೆನೋವು. ದೂರದಿಂದ ಉಷ್ಣತೆ ನೋಡುವ ಇನ್‌ಫ್ರಾರೆಡ್ ಸೆನ್ಸರ್‌ನ ಗಾಜಿನ ಮೇಲೆ ಧೂಳು ಕೂತು ಅದು ಕುರುಡಾಗುತ್ತಿತ್ತು. ಅದನ್ನು ಬಿಟ್ಟು ಬ್ರಾಕೆಟ್‌ಗೆ ಅಂಟಿ ಕೂರುವ ಸೆನ್ಸರ್ ಹಾಕಿದೆವು. ಪೆಟ್ಟಿಗೆ ಐಪಿ 67 ಮಟ್ಟದ್ದು. 6 ಅಂದರೆ ಧೂಳು ಒಳಗೆ ಹೋಗಬಾರದು, 7 ಅಂದರೆ ಸ್ವಲ್ಪ ಹೊತ್ತು ನೀರಲ್ಲಿ ಮುಳುಗಿದರೂ ತಡೆಯಬೇಕು. ಈ ಪರೀಕ್ಷೆಗೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗಾಗಿ ಬೆಂಗಳೂರಿಗೆ ಓಡಬೇಕಾಯಿತು. ವೈರ್ ಎಳೆದರೆ ಲೋಡರ್‌ಗಳು ಹರಿದು ಹಾಕುತ್ತವೆ, ಅದಕ್ಕೆ ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳಿಸುವ ಲೋರಾ ರೇಡಿಯೊ ಬಳಸಿದೆವು. 865ರಿಂದ 867 ಮೆಗಾಹರ್ಟ್ಸ್ ಅಲೆಗಳಿಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಆದರೆ ಉಪಕರಣಕ್ಕೆ ಕೇಂದ್ರದಲ್ಲಿ ರೇಡಿಯೊ ಅಲೆಗಳನ್ನು ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದ ಇಟಿಎ ಅನ್ನುವ ಅನುಮೋದನೆ ಪ್ರಮಾಣಪತ್ರ ಬೇಕು. ಟೆಂಡರ್ ಕಾಗದದಲ್ಲಿ ಇದನ್ನು ಕೇಳುತ್ತಾರೆ, ಮೊದಲೇ ಮಾಡಿಸಿಡಿ. ಕಲ್ಲಿದ್ದಲು ಧೂಳು ಹತ್ತಿ ಉರಿಯುವಂಥದ್ದು, ಅಲ್ಲಿಗೆ ಬೇರೆಯದೇ ಪ್ರಮಾಣೀಕರಣ. ಆ ಖರ್ಚು ತಪ್ಪಿಸಲೆಂದೇ ಅದಿರಿನ ಬೆಲ್ಟ್ ಮೊದಲು ಹಿಡಿದೆವು.

ಟ್ರಯಲ್‌ಗೆ ಹೊರಗಿನವರ ಮುಂದೆ ತೆರೆದಿಡುವ ಮೊದಲೇ ಪೇಟೆಂಟ್ ಅರ್ಜಿ ಹಾಕಿದೆವು. ಆನ್‌ಲೈನ್ ಅರ್ಜಿ ಶುಲ್ಕ ದೊಡ್ಡ ಕಂಪನಿಗೆ 8,000 ರೂ., ಸ್ಟಾರ್ಟಪ್‌ಗೆ 1,600 ರೂ. ಮಾತ್ರ.

ಅನುದಾನದ ಕೆಲಸ ಮುಗಿಯಿತು, ಪೆಟ್ಟಿಗೆ ಓಡಿತು, ವರದಿ ಹೋಯಿತು. ಇಲ್ಲಿಗೆ ಹಣ ಕೊಟ್ಟವರ ಪಾತ್ರ ಮುಗಿಯಿತು. ಕೊಳ್ಳುವವರು ಬೇರೆ ಇಲಾಖೆ, ಅವರಿಗೆ ನಮ್ಮ ಅನುದಾನದ ಪತ್ರ ಒಂದು ಕಾಗದ ಅಷ್ಟೇ. ರೈಲ್ವೆ, ಐಡೆಕ್ಸ್‌ಗಳಲ್ಲಿ ಹಣ ಕೊಡುವವರೇ ಬಳಸುವವರು. ಎಲಿವೇಟ್‌ನಂಥದ್ದರಲ್ಲಿ ಆ ಸೇತುವೆ ನೀವೇ ಕಟ್ಟಬೇಕು.

ನಾವು ಹೋದದ್ದು ಕೇಂದ್ರದ ಒಂದು ಸಾರ್ವಜನಿಕ ಉದ್ಯಮಕ್ಕೆ, ಹೆಸರು ಬೇಡ. ಅಲ್ಲಿ ಸ್ಟೋರ್ಸ್‌ನವರ ಮೊದಲ ಮಾತು: "ಮೂರು ವರ್ಷದ ವಹಿವಾಟು, ಇಂಥದ್ದೇ ಕೆಲಸದ ಅನುಭವ ತೋರಿಸಿ." ಹೊಸ ವಸ್ತುವಿಗೆ ಹಳೇ ಅನುಭವ ಎಲ್ಲಿಂದ ತರುವುದು? ವಾದ ಮಾಡಲಿಲ್ಲ. 2012ರ ಸಾರ್ವಜನಿಕ ಖರೀದಿ ಆದೇಶ ಮತ್ತು 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರತಿ ಮುಂದಿಟ್ಟೆ. ಸಣ್ಣ ಉದ್ಯಮಗಳಿಗೆ ಟೆಂಡರ್ ಫಾರಂ ಉಚಿತ, ಇಎಂಡಿ (ಟೆಂಡರ್ ಜೊತೆ ಇಡುವ ಠೇವಣಿ) ಇಲ್ಲ. ಸ್ಟಾರ್ಟಪ್‌ಗೆ ಅನುಭವ, ವಹಿವಾಟಿನ ಷರತ್ತು ಸಡಿಲಿಸಬಹುದು, ಗುಣಮಟ್ಟ ಮಾತ್ರ ಸಡಿಲಿಸುವಂತಿಲ್ಲ. ಕೇಂದ್ರದ ಇಲಾಖೆಗಳು, ಉದ್ಯಮಗಳು ವಾರ್ಷಿಕ ಖರೀದಿಯಲ್ಲಿ ಶೇ. 25 ಸಣ್ಣವರಿಂದ ಕೊಳ್ಳಬೇಕು. ಅದರೊಳಗೆ ಎಸ್‌ಸಿ, ಎಸ್‌ಟಿ ಉದ್ಯಮಿಗಳಿಗೆ ಶೇ. 4, ಮಹಿಳೆಯರಿಗೆ ಶೇ. 3. "ಸಡಿಲಿಸಬಹುದು" ಅಂದರೆ ಸಡಿಲಿಸಲೇಬೇಕು ಅಂತಲ್ಲ, ಅಧಿಕಾರಿ ಧೈರ್ಯ ಮಾಡಬೇಕು. ಆ ಧೈರ್ಯ ಕೊಡುವುದು ಇಂಡೆಂಟ್ ಜೊತೆ ಇರುವ ಟ್ರಯಲ್ ವರದಿ. ಹಟ್ಟಿ ಚಿನ್ನದ ಗಣಿಯಂಥ ರಾಜ್ಯದ ಸಂಸ್ಥೆಗೆ ಹೋದರೆ ಈ ಕಾಗದ ನಡೆಯುವುದಿಲ್ಲ, ಅಲ್ಲಿ ರಾಜ್ಯದ ಖರೀದಿಗೆ ಇರುವ 1999ರ ಕೆಟಿಪಿಪಿ ಕಾಯ್ದೆ.

ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್ ಇನ್ನೊಂದು ಅಡ್ಡಗಾಲು. ಅಲ್ಲಿ ವಸ್ತುವನ್ನು ಪಟ್ಟಿಗೆ ಸೇರಿಸಲು ಅದಕ್ಕೊಂದು ಕೆಟಗರಿ ಇರಬೇಕು. ನಮ್ಮದಕ್ಕೆ ಸರಿಹೊಂದುವ ಕೆಟಗರಿ ಇರಲಿಲ್ಲ. ಸುಮ್ನೆ "ಉಷ್ಣತಾ ಸೆನ್ಸರ್" ಅಂತ ಸೇರಿಸಿದ್ದರೆ ಕೆಲವು ನೂರು ರೂಪಾಯಿಯ ಸೆನ್ಸರ್ ಜೊತೆ ಬೆಲೆ ಹೋಲಿಕೆಯಾಗಿ ಹೊರಗೆ ಬೀಳುತ್ತಿದ್ದೆವು. ಹೊಸ ಕೆಟಗರಿಗೆ ಕೋರಿಕೆ ಹಾಕಿ ಕಾಯಬೇಕಾಯಿತು. ಜೊತೆಗೆ ಬಳಕೆದಾರ ವಿಭಾಗದ ಇಂಜಿನಿಯರ್ "ಇದನ್ನು ತಯಾರಿಸುವವರು ಇವರೊಬ್ಬರೇ" ಅನ್ನುವ ಪಿಎಸಿ ಪ್ರಮಾಣಪತ್ರ ಬರೆದರು. ಒಂದೇ ಕಂಪನಿಯಿಂದ ಕೊಳ್ಳಲು ಹಣಕಾಸು ನಿಯಮ 166ರಲ್ಲಿ ಅವಕಾಶ ಇದೆ. ಆದರೆ ಆ ಸಹಿ ಹಾಕುವವರಿಗೆ ನಾಳೆ ಆಡಿಟ್ ಪ್ರಶ್ನೆ ಬರಬಹುದು. ಅವರಿಗೆ ಬೇಕಾದ ಪ್ರತಿ ಕಾಗದವನ್ನು, ಪೇಟೆಂಟ್ ಅರ್ಜಿ ಸಂಖ್ಯೆಯಿಂದ ಲ್ಯಾಬ್ ವರದಿಯವರೆಗೆ, ಫೈಲ್ ಮಾಡಿ ಕೊಟ್ಟೆವು. ಮೊದಲ ಆರ್ಡರ್ ಒಂದೇ ಬೆಲ್ಟಿಗೆ ಬಂತು.

ಬಿಲ್ ಹಣ? 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಬಾಕಿ ಹಣದ ದೂರಿಗೆಂದೇ ಇದ್ದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದಿತ್ತು. ನಮ್ಮದು ತಡವಾಯಿತು, ದೂರು ಕೊಡಲಿಲ್ಲ. ಮುಂದಿನ ಇಂಡೆಂಟ್ ಹಾಕಬೇಕಾದವರ ಮೇಲೆ ಕೇಸ್ ಹಾಕುವುದು ಹೇಗೆ? ಬದಲಿಗೆ ಎರಡನೇ ಆರ್ಡರ್‌ನಲ್ಲಿ ಹಣದ ಷರತ್ತು ಬದಲಿಸಿ ಅಂತ ಕೇಳಿದೆವು: ಸರಕು ತಲುಪಿದಾಗ ಬಹುಪಾಲು, ಅಳವಡಿಸಿದ ಮೇಲೆ ಉಳಿದದ್ದು. ಒಪ್ಪಿದರು. ಬ್ಯಾಟರಿ ಬದಲಿಸುವ ವಾರ್ಷಿಕ ಒಪ್ಪಂದವನ್ನೂ ಅದೇ ಆರ್ಡರ್‌ನಲ್ಲಿ ಸೇರಿಸಿಕೊಂಡೆವು. ಈಗ ಹುಡುಗರ ಸಂಬಳ ಹೋಗುವುದು ಆ ಒಪ್ಪಂದದ ಹಣದಿಂದ.