ಡೈ ಹಾಕಿ ಸ್ಕ್ಯಾನ್ ಮಾಡಿಸುವಾಗ ಕಿಡ್ನಿಯ ಕಾಳಜಿ ಹೇಗೆ?

ಸಿಟಿ ಸ್ಕ್ಯಾನ್‌ಗೋ ಆಂಜಿಯೋಗ್ರಾಮ್‌ಗೋ ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ಮಣಿಪಾಲಕ್ಕೆ, ಹುಬ್ಬಳ್ಳಿಗೆ ಹೊರಡುವವರಲ್ಲಿ ಕೆಲವರು, ಚಿತ್ರ ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಚುಚ್ಚುವ ಡೈ ಹಾಕಿದರೆ ಕಿಡ್ನಿ ಹೋಗುತ್ತದೆಂದು ಹೆದರಿ ಅಗತ್ಯದ ಪರೀಕ್ಷೆಯನ್ನೇ ಮುಂದೂಡುತ್ತಾರೆ. ಇನ್ನು ಕೆಲವರು ಕಿಡ್ನಿಯ ತೊಂದರೆಯಿದ್ದರೂ ಬಾಯಿಬಿಡದೆ ಹೋಗಿ ಮಲಗುತ್ತಾರೆ. ಅಯೋಡಿನ್ ಇರುವ ಈ ಡೈ ಮೂತ್ರಪಿಂಡದ ಒಳಗಿನ ರಕ್ತಸಂಚಾರವನ್ನು ತಗ್ಗಿಸಬಲ್ಲದು, ಅಲ್ಲಿನ ಸೂಕ್ಷ್ಮ ಕೊಳವೆಗಳಿಗೆ ಹಾನಿಯನ್ನೂ ಮಾಡಬಲ್ಲದು. ಆದರೆ ಈಗ ಬಳಕೆಯಲ್ಲಿರುವ ಡೈಗಳಿಂದ ಆರೋಗ್ಯವಂತರ ಕಿಡ್ನಿಗೆ ಇರುವ ಅಪಾಯ ಬಹಳ ಕಡಿಮೆ.

ಮೊದಲು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ; ಇದು ಕಿಡ್ನಿ ಸೋಸಿ ಹೊರಹಾಕುವ ಒಂದು ತ್ಯಾಜ್ಯ. ಕಳೆದ ವರ್ಷದ ರಿಪೋರ್ಟ್ ಸಾಲದು. ಕ್ರಿಯಾಟಿನಿನ್ ಅಂಕಿಯೊಂದನ್ನೇ ನೋಡಿ ಸಮಾಧಾನಪಡಬೇಡಿ, ವಯಸ್ಸು, ಲಿಂಗವನ್ನೂ ಲೆಕ್ಕಕ್ಕೆ ಹಿಡಿದು ಕಿಡ್ನಿಯ ಸೋಸುವ ಶಕ್ತಿಯನ್ನು ಹೇಳುವ ಇಜಿಎಫ್‌ಆರ್ ಎಷ್ಟೆಂದು ಕೇಳಿ. ಕ್ರಿಯಾಟಿನಿನ್ 1.3 ಇರುವ 30 ವರ್ಷದ ಯುವಕನ ಇಜಿಎಫ್‌ಆರ್ ಸುಮಾರು 76 ಬಂದರೆ, ಅದೇ 1.3 ಇರುವ 75 ವರ್ಷದ ಅಜ್ಜಿಯದು ಸುಮಾರು 43ಕ್ಕೆ ಇಳಿದಿರುತ್ತದೆ. ಇಜಿಎಫ್‌ಆರ್ 30ಕ್ಕಿಂತ ಕಡಿಮೆಯಿದ್ದವರು ಹಾಗೂ ಕಿಡ್ನಿಗೆ ಆಗತಾನೇ ಪೆಟ್ಟುಬಿದ್ದವರು ನಿಜವಾದ ಅಪಾಯದ ಗುಂಪಿನವರು. ಪಾರ್ಶ್ವವಾಯು, ಹೃದಯಾಘಾತದಂಥ ತುರ್ತಿನಲ್ಲಿ ಮಾತ್ರ ರಿಪೋರ್ಟಿಗಾಗಿ ಕಾಯುವಂತಿಲ್ಲ.

ಎರಡನೆಯದು ಗುಳಿಗೆಗಳು. ಹೆಸರು ನೆನಪಿಟ್ಟು ಹೇಳುತ್ತೇನೆಂಬ ಭರವಸೆ ಬೇಡ, ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೇನ್‌ಗಳನ್ನು ಯಾರೂ ಔಷಧಿಯೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಿಡ್ನಿಗೆ ಮೊದಲೇ ಕಷ್ಟ ಕೊಡುವುದು ಅವೇ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ, ಆದರೆ ಕಿಡ್ನಿ ಸೋತಾಗ ಅದು ದೇಹದಲ್ಲಿ ಉಳಿದು ರಕ್ತದ ಆಮ್ಲೀಯತೆ ಹೆಚ್ಚಬಹುದು. ಆದ್ದರಿಂದ ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದವರಿಗೆ ಅದನ್ನು ನಿಲ್ಲಿಸಿ, 48 ಗಂಟೆಯ ಬಳಿಕ ಮತ್ತೆ ರಕ್ತ ನೋಡುತ್ತಾರೆ. ಬಿಪಿ ಗುಳಿಗೆಯನ್ನು ತಾವಾಗಿಯೇ ಬಿಡುವುದು ಸಲ್ಲದು.

ಎಲ್ಲರೂ ಎಡವುವುದು ನೀರಿನ ವಿಷಯದಲ್ಲಿ. ನಾಲ್ಕು ತಾಸು ಏನೂ ತಿನ್ನಬೇಡಿ ಎಂದು ಸ್ಕ್ಯಾನ್ ಕೇಂದ್ರದವರು ಹೇಳಿದ್ದು ಮನೆಗೆ ಬರುವಷ್ಟರಲ್ಲಿ ರಾತ್ರಿಯಿಂದಲೇ ನೀರನ್ನೂ ಮುಟ್ಟಬಾರದು ಎಂದಾಗಿರುತ್ತದೆ. ಮರುದಿನ ಬೆಳಗಿನ ಜಾವ ಶಿರಸಿಯಲ್ಲಿ ಬಸ್ಸು ಹತ್ತಿದ ಹಿರಿಯರು ದೇವಿಮನೆ ಘಟ್ಟದಲ್ಲಿ ವಾಂತಿಯಾಗುತ್ತದೆಂದು, ಕುಮಟಾ ದಾಟಿದ ಮೇಲೆ ಶೌಚಾಲಯ ಸಿಗುವುದಿಲ್ಲವೆಂದು ಗುಟುಕು ನೀರನ್ನೂ ಕುಡಿಯದೆ ಕುಳಿತಿರುತ್ತಾರೆ. ಕರಾವಳಿಯ ಸೆಕೆಯಲ್ಲಿ ಬೆವರಿ, ತುಟಿ ಒಣಗಿ, ಮೂತ್ರ ಕಡುಹಳದಿಯಾಗಿ ಆಸ್ಪತ್ರೆ ತಲುಪಿದವರ ಕಿಡ್ನಿಗೆ ಡೈ ಬೀಳುವ ಮೊದಲೇ ರಕ್ತದ ಹರಿವು ಕಡಿಮೆಯಾಗಿರಬಹುದು. ಆದ್ದರಿಂದ ಅನ್ನ ಮಾತ್ರ ಬಿಡಬೇಕೋ, ನೀರನ್ನೂ ಬಿಡಬೇಕೋ ಎಂದು ದಿನ ಗೊತ್ತುಮಾಡುವಾಗಲೇ ಕೇಳಿ ಬರೆದುಕೊಳ್ಳಿ. ವಯಸ್ಸಾದವರನ್ನು ಹಿಂದಿನ ಸಂಜೆಯೇ ಕರೆದೊಯ್ದು ಅಲ್ಲಿ ಉಳಿಸಿಕೊಳ್ಳುವುದೇ ಸರಿ. ಖರ್ಚು ಉಳಿಸಲೆಂದು ಒಂದೇ ದಿನದಲ್ಲಿ ಹೋಗಿಬರುವ ಹಟ ಬೇಡ. ಹೃದಯ ದುರ್ಬಲವಾಗಿರುವವರು, ಕಾಲು ಊದಿಕೊಂಡವರು ಎಷ್ಟು ಕುಡಿಯಬೇಕೆಂಬುದನ್ನು ವೈದ್ಯರೇ ಹೇಳಬೇಕು. ಎಳನೀರು ಎಲ್ಲರಿಗೂ ಒಳ್ಳೆಯದೆಂಬ ಮಾತೂ ಇಲ್ಲಿ ನಡೆಯುವುದಿಲ್ಲ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಕಿಡ್ನಿ ಸೋತವರಿಗೆ ಸಾದಾ ನೀರೇ ಲೇಸು.

ಅಪಾಯದ ಗುಂಪಿನವರಿಗೆ ಆಸ್ಪತ್ರೆಯಲ್ಲಿ ಸ್ಕ್ಯಾನ್‌ಗೆ ಮುಂಚೆ ಮತ್ತು ನಂತರ ಸಲೈನ್ ಹನಿಸುತ್ತಾರೆ; ಮನೆಯಲ್ಲಿ ಕುಡಿದ ನೀರು ಅದಕ್ಕೆ ಬದಲಿಯಲ್ಲ. ಕಿಡ್ನಿ ಕಾಯುತ್ತದೆಂದು ಹಿಂದೆ ಧಾರಾಳವಾಗಿ ಕೊಡುತ್ತಿದ್ದ ಅಸಿಟೈಲ್‌ಸಿಸ್ಟೀನ್ ಎಂಬ ಔಷಧಿಯಿಂದ ಆಂಜಿಯೋಗ್ರಾಮ್ ರೋಗಿಗಳಿಗೆ ಲಾಭವಿಲ್ಲವೆಂದು 2018ರಲ್ಲಿ ಪ್ರಕಟವಾದ ಪ್ರಿಸರ್ವ್ ಅಧ್ಯಯನ ತೋರಿಸಿತು. ಹಾಗಿರುವಾಗ ಕಿಡ್ನಿ ಶುದ್ಧಿಯ ಹೆಸರಿನಲ್ಲಿ ಮಾರುವ, ಒಳಗೇನಿದೆಯೆಂದು ತಿಳಿಯದ ಪುಡಿಗಳನ್ನು ಸ್ಕ್ಯಾನ್ ಹೊತ್ತಿನಲ್ಲಂತೂ ದೂರವಿಡಿ.

ಮೇಜಿನ ಮೇಲೆ ಮಲಗಿದ ಮೇಲೆ ನಿಮ್ಮ ಕೆಲಸ ಹೇಳಿದಾಗ ಉಸಿರು ಹಿಡಿಯುವುದಷ್ಟೆ. ಡೈ ಹೋಗುವಾಗ ಮೈಯೆಲ್ಲ ಬಿಸಿಯಾದಂತಾದರೆ ಗಾಬರಿ ಬೇಡ. ಸಿಗಡಿ, ಏಡಿ ತಿಂದರೆ ಮೈ ತುರಿಸುವವರು ಅಯೋಡಿನ್ ಡೈಗೆ ಹೆದರುವುದು ನಮ್ಮ ಕರಾವಳಿಯಲ್ಲಿ ಸಾಮಾನ್ಯ. ಆ ಅಲರ್ಜಿಗೆ ಕಾರಣ ಸಿಗಡಿ, ಏಡಿಯಲ್ಲಿರುವ ಪ್ರೋಟೀನೇ ಹೊರತು ಅಯೋಡಿನ್ ಅಲ್ಲ. ಹಿಂದೊಮ್ಮೆ ಡೈ ಹಾಕಿದಾಗಲೇ ತೊಂದರೆಯಾಗಿದ್ದರೆ ಅದನ್ನು ತಪ್ಪದೆ ತಿಳಿಸಬೇಕು.

ಅಪಾಯವಿದ್ದವರು ಎರಡು-ಮೂರು ದಿನದ ಬಳಿಕ ಮತ್ತೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು. ಇದಕ್ಕಾಗಿ ಮಣಿಪಾಲದವರೆಗೆ ಹೋಗಬೇಕಿಲ್ಲ, ಮೊದಲು ಪರೀಕ್ಷೆ ಮಾಡಿಸಿದ ಊರಿನ ಲ್ಯಾಬೇ ಆದೀತು. 48 ಗಂಟೆಯೊಳಗೆ 0.3ರಷ್ಟು ಏರಿದ್ದರೂ ವೈದ್ಯರಿಗೆ ತೋರಿಸಿ. ಬಹುತೇಕರಲ್ಲಿ ಈ ಏರಿಕೆ ಒಂದೆರಡು ವಾರದಲ್ಲಿ ಇಳಿಯುತ್ತದೆ. ಮೂತ್ರ ಕಡಿಮೆಯಾದರೆ, ಮುಖ ಊದಿದರೆ, ಉಸಿರು ಕಟ್ಟಿದರೆ ಮಾತ್ರ ರಿಪೋರ್ಟಿನ ದಾರಿ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.