ಅವೇ ಅಕ್ಷರ, ಬೇರೆ ಪದ: ಇಂಗ್ಲಿಷ್ ಅಕ್ಷರಪಲ್ಲಟ ಬಿಡಿಸುವುದು ಹೀಗೆ

ಇ, ಐ, ಎಲ್, ಎನ್, ಎಸ್, ಟಿ. ಈ ಆರು ಅಕ್ಷರಗಳನ್ನು ಒಂದೊಂದೇ ಸಲ ಬಳಸಿ ಎಷ್ಟು ಇಂಗ್ಲಿಷ್ ಪದ ಕಟ್ಟಬಹುದು? ಸುಮ್ಮನೆ ಹಿಂದುಮುಂದು ಮಾಡುತ್ತ ಹೋದರೆ 720 ಜೋಡಣೆಗಳಾಗುತ್ತವೆ. ಎಂಟು ಅಕ್ಷರವಾದರೆ ಲೆಕ್ಕ 40,320ಕ್ಕೆ ಏರುತ್ತದೆ. ಅಷ್ಟನ್ನೂ ನೋಡುವ ತಾಳ್ಮೆ ಯಾರಿಗಿದೆ? ಬೇಗ ಹುಡುಕುವವರ ದಾರಿ ಬೇರೆ: ಪದಕ್ಕೆ ತಲೆಯೋ ಬಾಲವೋ ಆಗಬಲ್ಲ ತುಂಡನ್ನು ಮೊದಲು ಎತ್ತಿಟ್ಟು, ಉಳಿದದ್ದನ್ನಷ್ಟೇ ಓದುತ್ತಾರೆ.

ಮೊದಲ ಹಂತ: ಕ್ರಮ ಕೆಡಿಸಿ

ಒಗಟು ಕೊಡುವವರು ಅಕ್ಷರಗಳನ್ನು ಬೇಕೆಂದೇ ಓದಲು ಬರುವಂತೆ ಜೋಡಿಸಿರುತ್ತಾರೆ. ಕಣ್ಣು ಅಲ್ಲೇ ಕಚ್ಚಿಕೊಳ್ಳುತ್ತದೆ. ಹಾಗಾಗಿ ಕಾಗದದ ಮೇಲೆ ಸ್ವರಗಳನ್ನು ಒಂದು ಸಾಲಿನಲ್ಲಿ, ವ್ಯಂಜನಗಳನ್ನು ಅದರ ಕೆಳಗೆ ಬರೆದುಕೊಳ್ಳಿ. ಬರೆದ ಮೇಲೆ ಎಣಿಸಿ. ಅಕ್ಷರವೊಂದು ಬಿಟ್ಟುಹೋಗಿ ಅರ್ಧ ಗಂಟೆ ಹಾಳಾಗುವುದು ಈ ಆಟದಲ್ಲಿ ಮಾಮೂಲು.

ಎರಡನೆಯ ಹಂತ: ತುಂಡು ಎತ್ತಿಡಿ

ಮೇಲಿನ ಆರು ಅಕ್ಷರಗಳನ್ನೇ ತೆಗೆದುಕೊಳ್ಳಿ. ‘ಇ-ಎನ್’ ತುಂಡನ್ನು ಬದಿಗಿಟ್ಟರೆ ಐ, ಎಲ್, ಎಸ್, ಟಿ ಉಳಿಯುತ್ತವೆ. ಅದರಲ್ಲಿ ‘ಲಿಸ್ಟ್’ ಕಾಣದೆ ಇರದು. ತುಂಡನ್ನು ಅದರ ಮುಂದಿಟ್ಟರೆ ‘ಎನ್‌ಲಿಸ್ಟ್’, ಹಿಂದಿಟ್ಟರೆ ‘ಲಿಸನ್’. ಈಗ ‘ಇ-ಎನ್-ಟಿ’ಯನ್ನು ಬಾಲ ಮಾಡಿ, ಉಳಿದ ಮೂರು ಸೇರಿ ‘ಸೈಲೆಂಟ್’ ಆಗುತ್ತದೆ. ‘ಇ-ಎಲ್’ ಬಾಲವಾದರೆ ‘ಟಿನ್ಸೆಲ್’. ಬಹುವಚನದ ಎಸ್ ಅನ್ನು ತುದಿಗೆ ತಳ್ಳಿದರೆ ಉಳಿದ ಐದರಲ್ಲಿ ‘ಇನ್‌ಲೆಟ್’ ಇದೆ, ಅಂದರೆ ‘ಇನ್‌ಲೆಟ್ಸ್’. ನಾಲ್ಕು ತುಂಡಿಗೆ ಐದು ಪದ ಸಿಕ್ಕವು.

ಇಲ್ಲಿ ಒಂದು ಎಚ್ಚರಿಕೆ. ಪದವನ್ನು ಬಾಯಲ್ಲಿ ಹೇಳಿಕೊಂಡು ಹುಡುಕಬೇಡಿ. ‘ಲಿಸನ್’ ಎನ್ನುವಾಗ ಟಿ ಕೇಳಿಸುವುದೇ ಇಲ್ಲ. ಕಿವಿಯನ್ನು ನಂಬಿದವರಿಗೆ ಆ ಪದ ಸಿಗುವುದಿಲ್ಲ. ಅಕ್ಷರದ ಹೆಸರನ್ನೇ ಹೇಳಿಕೊಳ್ಳಿ.

ಮೊದಲು ಪರೀಕ್ಷಿಸಬೇಕಾದ ತಲೆಗಳು: ಆರ್-ಇ, ಯು-ಎನ್, ಇ-ಎನ್, ಓ-ಯು-ಟಿ. ಬಾಲಗಳು: ಐ-ಎನ್-ಜಿ, ಇ-ಡಿ, ಇ-ಆರ್, ಇ-ಎಸ್-ಟಿ, ಎಲ್-ಇ, ಎ-ಎಲ್, ಎಲ್-ವೈ. ಸಿ-ಎಚ್, ಎಸ್-ಎಚ್, ಟಿ-ಎಚ್ ಜೋಡಿಗಳು ತಲೆಗೂ ಆಗುತ್ತವೆ, ಬಾಲಕ್ಕೂ ಆಗುತ್ತವೆ. ಸಿ-ಕೆ ಮಾತ್ರ ಪದದ ಆರಂಭಕ್ಕೆ ಬರುವುದಿಲ್ಲ.

ಐ-ಎನ್-ಜಿ ಕಂಡರೆ ಎಲ್ಲರ ಕೈಯೂ ಅದರ ಮೇಲೇ ಹೋಗುತ್ತದೆ. ಎ, ಇ, ಜಿ, ಐ, ಎಲ್, ಎನ್, ಆರ್, ಟಿ ಎಂಬ ಎಂಟು ಅಕ್ಷರ ನೋಡಿ. ಆ ಬಾಲ ಕಟ್ಟಿದೊಡನೆ ‘ಅಲರ್ಟಿಂಗ್’, ‘ಆಲ್ಟರಿಂಗ್’, ‘ರಿಲೇಟಿಂಗ್’ ಉದುರುತ್ತವೆ, ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಬಾಲವನ್ನು ಒಡೆದು ಎಲ್-ಇ ಹಿಡಿದವರಿಗೆ ‘ಟ್ರಯಾಂಗಲ್’, ಎ-ಎಲ್ ಹಿಡಿದವರಿಗೆ ‘ಇಂಟೆಗ್ರಲ್’ ಸಿಗುತ್ತದೆ. ಸುಲಭದ ತುಂಡನ್ನು ಒಮ್ಮೆ ಬಳಸಿದ ಮೇಲೆ ಅದನ್ನು ಒಡೆಯಲೇಬೇಕು.

ಮೂರನೆಯ ಹಂತ: ಸೂಚಿ ಬರೆದು ತಾಳೆ ನೋಡಿ

ಪದದ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಬರೆದರೆ ಅದೇ ಆ ಪದದ ಸೂಚಿ. ಎರಡು ಪದಗಳ ಸೂಚಿ ಒಂದೇ ಆಗಿದ್ದರೆ ಅವು ಪರಸ್ಪರ ಪಲ್ಲಟ. ಎಡವುವುದು ಅಕ್ಷರ ಮರುಕಳಿಸಿದಾಗ. ‘ಲೆಟರ್’, ‘ಟೆಲರ್’, ‘ರಿಟೆಲ್’ ಮೂರರಲ್ಲೂ ಇರುವುದು ಇ, ಎಲ್, ಆರ್, ಟಿ ಮಾತ್ರ. ಆದರೆ ‘ಲೆಟರ್’ ಸೂಚಿ ಇ-ಇ-ಎಲ್-ಆರ್-ಟಿ-ಟಿ, ಉಳಿದೆರಡರದು ಇ-ಇ-ಎಲ್-ಎಲ್-ಆರ್-ಟಿ. ಹಾಗಾಗಿ ‘ಟೆಲರ್’, ‘ರಿಟೆಲ್’ ಜೋಡಿಯಾಗುತ್ತವೆ, ‘ಲೆಟರ್’ ಹೊರಗುಳಿಯುತ್ತದೆ. ಒಂದು ಅಕ್ಷರವನ್ನು ಎಷ್ಟು ಸಲ ಬೇಕಾದರೂ ಬಳಸಬಹುದಾದ ಆಟಗಳಲ್ಲಿ ಈ ಮೂರೂ ನಡೆಯುತ್ತವೆ. ಆಟ ಯಾವ ಬಗೆಯದೆಂದು ಮೊದಲೇ ನೋಡಿಕೊಳ್ಳಿ.

ಕಂಪ್ಯೂಟರಿನಲ್ಲಿ ಮಾಡುವವರಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅಕ್ಷರಗಳನ್ನು ಕ್ರಮಕ್ಕೆ ತರುವ ‘ಸಾರ್ಟೆಡ್’ ಸಾಕು. ಅದು ಕೊಡುವುದು ಪಟ್ಟಿಯನ್ನು; ‘ಜಾಯಿನ್’ ಮಾಡಿ ಒಂದೇ ಸಾಲಾಗಿಸದಿದ್ದರೆ ಪೈಥಾನ್‌ನ ‘ಡಿಕ್ಷನರಿ’ಗೆ (ಕೀಲಿ ಕೊಟ್ಟು ಮಾಹಿತಿ ಹುಡುಕುವ ಕೋಶ) ಕೀಲಿಯಾಗಿ ಹಾಕಲು ಬರುವುದಿಲ್ಲ. ಪದಗಳನ್ನು ಕಡತದಿಂದ ಓದುವಾಗ ಸಾಲಿನ ಕೊನೆಯ ಅದೃಶ್ಯ ಚಿಹ್ನೆಯನ್ನು ‘ಸ್ಟ್ರಿಪ್’ನಿಂದ ತೆಗೆದುಹಾಕಿ, ಎಲ್ಲವನ್ನೂ ಸಣ್ಣಕ್ಷರಕ್ಕೆ ತನ್ನಿ. ದೊಡ್ಡಕ್ಷರಗಳು ಸಣ್ಣಕ್ಷರಗಳಿಗಿಂತ ಮೊದಲು ಬರುವುದರಿಂದ, ಹಾಗೇ ಬಿಟ್ಟರೆ ಒಂದೇ ಗುಂಪಿನ ಪದಗಳು ಚದುರಿಹೋಗುತ್ತವೆ.

ಯಾವುದನ್ನು ಮೊದಲು ಕಲಿಯಬೇಕು?

ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಆಟ ಸ್ಕ್ರ್ಯಾಬಲ್‌ನ ಇಂಗ್ಲಿಷ್ ಪೆಟ್ಟಿಗೆಯ 100 ಬಿಲ್ಲೆಗಳಲ್ಲಿ ಇ 12, ಎ ಮತ್ತು ಐ 9ರಂತೆ, ಎನ್, ಆರ್, ಟಿ 6ರಂತೆ ಇವೆ, ಎಸ್ ನಾಲ್ಕೇ. ಪದೇ ಪದೇ ಕೈಗೆ ಬರುವ ಅಕ್ಷರಗಳ ಗುಂಪನ್ನು ಮೊದಲು ಕಲಿಯುವುದು ಜಾಣತನ. ಕೈಯಲ್ಲಿರುವ ಏಳೂ ಬಿಲ್ಲೆ ಒಟ್ಟಿಗೆ ಇಳಿಸಿದರೆ 50 ಅಂಕ ಹೆಚ್ಚುವರಿ ಸಿಗುವುದರಿಂದ ಆಟಗಾರರು ಆರಕ್ಷರದ ಕಾಂಡವೊಂದನ್ನು ಹಿಡಿದು, ಅದಕ್ಕೆ ಏಳನೆಯದನ್ನು ಸೇರಿಸಿ ಕಲಿಯುತ್ತಾರೆ. ಎ, ಇ, ಐ, ಎನ್, ಎಸ್, ಟಿ ಅಂಥದ್ದು. ಡಿ ಸೇರಿದರೆ ‘ಇನ್‌ಸ್ಟೆಡ್’, ‘ಸ್ಟೇನ್ಡ್’, ‘ಡಿಟೇನ್ಸ್’; ಜಿ ಸೇರಿದರೆ ‘ಸೀಟಿಂಗ್’, ‘ಟೀಸಿಂಗ್’; ಆರ್ ಸೇರಿದರೆ ‘ರಿಟೇನ್ಸ್’, ‘ನ್ಯಾಸ್ಟಿಯರ್’, ‘ರೆಟಿನಾಸ್’; ಎಂ ಸೇರಿದರೆ ‘ಇನ್‌ಮೇಟ್ಸ್’; ವಿ ಸೇರಿದರೆ ‘ನೇಟಿವ್ಸ್’.

ಅಭ್ಯಾಸಕ್ಕೆ ಚೀಟಿಗಳೇ ಸಾಕು: ಮುಂದೆ ಸೂಚಿ, ಹಿಂದೆ ಪದಗಳು. ಮುಂಭಾಗದ ಮೂಲೆಯಲ್ಲಿ ಒಟ್ಟು ಎಷ್ಟು ಪದ ಎಂಬ ಸಂಖ್ಯೆಯನ್ನೂ ಬರೆಯಿರಿ. ಅದಿಲ್ಲದಿದ್ದರೆ ಒಂದು ಪದ ಹೊಳೆದ ತಕ್ಷಣ ಕೈ ಮುಂದಿನ ಚೀಟಿಗೆ ಹೋಗುತ್ತದೆ, ಉಳಿದವು ಹಿಂಬದಿಯಲ್ಲೇ ಕೂತಿರುತ್ತವೆ.