ಡಿಸ್ಚಾರ್ಜ್ ಚೀಟಿ ಕೈಗೆ ಬಂದಾಗ

ಲಕ್ವ ಹೊಡೆದಿದ್ದ ನಮ್ಮ ಅತ್ತೆಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮೊದಲ ರಾತ್ರಿಯೇ ನಾನೊಂದು ತಪ್ಪು ಮಾಡಿದೆ. ನೋವಿನ ಮಾತ್ರೆಯ ಮುಂದೆ 'ಎಸ್‌ಒಎಸ್' ಅಂತ ಬರೆದಿತ್ತು. ಪ್ರಾಣಕ್ಕೆ ಬಂದರೆ ಮಾತ್ರ ಕೊಡಬೇಕೇನೋ ಅಂದುಕೊಂಡು ಎತ್ತಿಟ್ಟೆ. ಪಾಪ, ಭುಜದ ನೋವಿಗೆ ಬೆಳಗಿನವರೆಗೂ ನರಳಿದರು. ಅದರ ಅರ್ಥ ಇಷ್ಟೇ: ಬೇಕೆನಿಸಿದಾಗ ಕೊಡಿ. ದಿನಕ್ಕೆ ಹೆಚ್ಚೆಂದರೆ ಎಷ್ಟು, ನಡುವೆ ಎಷ್ಟು ಗಂಟೆ ಬಿಡಬೇಕು ಅನ್ನೋದನ್ನು ಮಾತ್ರ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ಚೀಟಿಯಲ್ಲಿ ಮಾತ್ರೆಯ ಮುಂದೆ 'ಒಡಿ' (OD) ಅಂತಿದ್ದರೆ ದಿನಕ್ಕೊಂದು ಸಲ, 'ಬಿಡಿ' (BD) ಎರಡು ಸಲ, 'ಟಿಡಿಎಸ್' (TDS) ಮೂರು ಸಲ, ಎಚ್‌ಎಸ್ ಮಲಗುವಾಗ. 1-0-1 ಇದ್ದರೆ ಬೆಳಿಗ್ಗೆ ಒಂದು, ರಾತ್ರಿ ಒಂದು, ಮಧ್ಯಾಹ್ನ ಇಲ್ಲ.

'ಎನ್‌ಬಿಎಂ' ಅಂತಿದ್ದರೆ ಬಾಯಿಂದ ಏನೂ ಕೊಡಬಾರದು, ಒಂದು ಗುಟುಕು ನೀರು ಕೂಡ. ನೋಡಲು ಬಂದ ನೆಂಟರು ಬಾಯಿ ಒಣಗಿದೆ ಅಂತ ಸುಮ್ನೆ ಒಂದು ಚಮಚ ಕಾಫಿ ಹಾಕೋಕೆ ಹೋಗ್ತಾರೆ. ದಯವಿಟ್ಟು ತಡೆಯಿರಿ. ಸರಿಯಾಗಿ ನುಂಗಲಾಗದವರಿಗೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಆಸ್ಪಿರೇಷನ್ ಅಂತ ಹೆದರಿಸೋದು ಇದನ್ನೇ. ಮೂಗಿನ ನಳಿಗೆಯಲ್ಲಿ, ಅಂದರೆ ರೈಲ್ಸ್ ಟ್ಯೂಬಿನಲ್ಲಿ ಗಂಜಿ ಕೊಡುವಾಗಲೂ ತಲೆದೆಸೆ ಎತ್ತರಿಸಿ. ಕೊಟ್ಟ ಮೇಲೆ ಅರ್ಧ ಗಂಟೆಯಾದರೂ ಮಲಗಿಸಬೇಡಿ.

ಕ್ಯಾಥೆಟರ್, ಅಂದರೆ ಮೂತ್ರ ಹೋಗಲು ಹಾಕಿದ ನಳಿಗೆ ಇದ್ದರೆ ಅದರ ಚೀಲ ಸದಾ ಸೊಂಟಕ್ಕಿಂತ ಕೆಳಗಿರಲಿ.

ಬೆಡ್‌ಸೋರ್ ಅನ್ನೋದು ಮಲಗಿದ್ದಲ್ಲೇ ಮಲಗಿ ಆಗುವ ಹುಣ್ಣು. ಹಿಮ್ಮಡಿ, ಬಾಲದ ಮೂಳೆ, ಸೊಂಟದ ಪಕ್ಕ ದಿನಾ ಬೆಳಕಿನಲ್ಲಿ ನೋಡಿ. ಕೆಂಪಗಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟಾಗ ಬಿಳಿಚದಿದ್ದರೆ ಹುಣ್ಣು ಶುರುವಾಗಿದೆ ಅಂತಲೇ ತಿಳಿಯಿರಿ. ಕಪ್ಪು ಮೈಯವರಿಗೆ ಕೆಂಪು ಕಾಣೋದಿಲ್ಲ. ಸುತ್ತಲಿಗಿಂತ ಕಪ್ಪಾಗಿ, ಬಿಸಿಯಾಗಿ, ಗಟ್ಟಿಯಾಗಿರಬಹುದು. ಎಣ್ಣೆ ಹಚ್ಚಿ ಉಜ್ಜಬೇಡಿ, ಇನ್ನೂ ಕೆಡುತ್ತದೆ. ನಾನು ಕ್ಯಾಲೆಂಡರಿನ ಹಿಂದೆ ಎಡ, ಬೆನ್ನು, ಬಲ ಅಂತ ಬರೆದು, ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ ಗುರುತು ಹಾಕ್ತಿದ್ದೆ. ಏರ್‌ಬೆಡ್ ಇದ್ದರೂ ಇದು ತಪ್ಪಿದ್ದಲ್ಲ.

ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳಲು ಏಜೆನ್ಸಿಯಿಂದ ಬರುವ ಎಲ್ಲರನ್ನೂ ನಾವು 'ಸಿಸ್ಟರ್' ಅಂತೀವಿ, ಅಲ್ವಾ? ಆದರೆ ಅಟೆಂಡರ್ ಸ್ನಾನ, ಊಟ, ಬಟ್ಟೆ ಮಾತ್ರ ನೋಡಿಕೊಳ್ಳುತ್ತಾರೆ. ಇಂಜೆಕ್ಷನ್ ಕೊಡೋದು, ಕ್ಯಾಥೆಟರ್ ಬದಲಿಸೋದು ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಓದಿದ ನರ್ಸ್ ಕೆಲಸ. ದುಡ್ಡು ಕೊಡುವ ಮೊದಲೇ ಯಾರು ಬರ್ತಾರೆ ಅಂತ ಕೇಳಿಬಿಡಿ.

'ಪ್ಯಾಲಿಯೇಟಿವ್ ಕೇರ್' ಅಂದ ಕೂಡಲೇ ಕೈಬಿಟ್ಟರು ಅಂತ ಅಳಬೇಡಿ. ನೋವು, ಉಬ್ಬಸ, ವಾಂತಿ ಕಡಿಮೆ ಮಾಡುವ ಆರೈಕೆ ಅದು. ಚಿಕಿತ್ಸೆ ನಡೆಯುತ್ತಿರುವಾಗಲೂ ಜೊತೆಗೇ ಕೊಡಿಸಬಹುದು. ಕಾಯಿಲೆ ಮುಂದುವರಿದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನ ಕರುಣಾಶ್ರಯ ಅನ್ನೋ ಆರೈಕೆ ಕೇಂದ್ರದಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಾರೆ. ಅಂಥ ಕಡೆ ಕೊನೇ ಗಳಿಗೆಗೆ ಓಡುವ ಬದಲು ಮೊದಲೇ ಹೋಗಿ ಮಾತಾಡಿ ಬನ್ನಿ.